ಮಲೆನಾಡಿನ ಮಳೆ ಹಿಡಿದಿಟ್ಟ ಹೆಡ್ಡು

ಹಾಸನದಿಂದ ಸಕಲೇಶಪುರಕ್ಕೆ ಬೆಂಗಳೂರು-ಮಂಗಳೂರಿನ ಬಿ.ಎಂ. ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಅಷ್ಟರಲ್ಲೇ ನೆಲ ಮೂರು ಬಗೆಯದಾಗುತ್ತದೆ. ಹಾಸನ ಬಿಡುವಾಗ ಆಲೂಗೆಡ್ಡೆ, ಮುಸುಕಿನ ಜೋಳದ ಹೊಲ. ಆಲೂರು ಸೀಮೆ ಹೊಕ್ಕರೆ ಗದ್ದೆಬಯಲು, ನಡುನಡುವೆ ಶುಂಠಿ. ಪಾಳ್ಯ ಕಳೆದು ಬಾಳ್ಳುಪೇಟೆ ಹತ್ತಿರವಾದಂತೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬುಡದಲ್ಲಿ ಕಾಫಿ. ಪ್ರವಾಸಿಗರು ಇನ್ನೂ ಮುಂದೆ ಹೋಗಿ, ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಯ ಬಳಿ ಕಾರು ನಿಲ್ಲಿಸುತ್ತಾರೆ. ಈ ಸೀಮೆಯ ಮಳೆ ಏನು ಮಾಡುತ್ತದೆಂದು ತಿಳಿಯಬೇಕಾದವರು ಅಲ್ಲಿಯವರೆಗೆ ಹೋಗಬೇಕಿಲ್ಲ. ಪಾಳ್ಯದ ಆಚೆ ರಸ್ತೆ ಬದಿಯ ಯಾವುದಾದರೂ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನಿಂತರೆ ಸಾಕು.

ನಾನು ನಿಂತದ್ದು ಅಂಥದೊಂದು ತಗಡಿನ ಶೆಡ್ಡಿನಲ್ಲಿ. ಎಣ್ಣೆ ಕುಡಿದು ಕಪ್ಪಾದ ನೆಲ. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಹಳೆಯ ಹೆಡ್ ಪ್ಯಾಕಿಂಗುಗಳು. ಮೂಲೆಯಲ್ಲಿ ಗ್ಯಾಸ್ ವೆಲ್ಡಿಂಗ್ ಸಿಲಿಂಡರು. ಮೂರು ಕಬ್ಬಿಣದ ಪೈಪುಗಳ ತುದಿ ಕೂಡಿಸಿ ನಿಲ್ಲಿಸಿದ ಕಂಬದಿಂದ ಚೈನ್ ಪುಲ್ಲಿ ಇಳಿಬಿದ್ದಿದೆ. ಅದರ ಕೆಳಗೆ ಬಾನೆಟ್ ಬಿಚ್ಚಿದ ಹಳೆಯ ಮ್ಯಾಸಿ 1035. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ನಟ್ಟುಗಳೆಲ್ಲ ಹೊರಗೆ ಬಂದು ಡಬ್ಬಿಯಲ್ಲಿವೆ, ಹೆಡ್ಡು ಮಾತ್ರ ಕೂತಲ್ಲೇ ಕೂತಿದೆ.

ಗಾಡಿಯ ಪೂರ್ವಾಪರ

ಈ ಸೀಮೆಯಲ್ಲಿ ‘ಮ್ಯಾಸಿ’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ನಮ್ಮಲ್ಲಿ ತಯಾರಿಸುವ ಟಾಫೆ ಕಂಪನಿ ಚೆನ್ನೈನಲ್ಲಿ 1960ರಲ್ಲಿ ಹುಟ್ಟಿದ್ದು. ಎಂಜಿನ್ ಕೊಟ್ಟದ್ದು ಅದೇ ಊರಿನ, ಅದೇ ಬಳಗದ ಸಿಂಪ್ಸನ್. ಆ ಎಂಜಿನ್ನಿನ ಮೂಲ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಫ್ರ್ಯಾಂಕ್ ಪರ್ಕಿನ್ಸ್ 1932ರಲ್ಲಿ ಶುರುಮಾಡಿದ ಡೀಸೆಲ್ ಕಾರ್ಖಾನೆ. ಮೂರು ಸಿಲಿಂಡರು, ಎರಡೂಕಾಲು ಲೀಟರಿಗಿಂತ ತುಸು ಹೆಚ್ಚಿನ ಗಾತ್ರ, ಎರಕದ ಕಬ್ಬಿಣದ ಬ್ಲಾಕು, ಎರಕದ ಕಬ್ಬಿಣದ್ದೇ ಹೆಡ್ಡು. ಬ್ಲಾಕಿನಿಂದ ಮೇಲೆದ್ದ ಸ್ಟಡ್ಡುಗಳು ಹೆಡ್ಡಿನ ತೂತುಗಳನ್ನು ಹಾದು ಬರುತ್ತವೆ, ಮೇಲಿನಿಂದ ನಟ್ಟು ಬಿಗಿಯುತ್ತದೆ. ರಚನೆ ಇಷ್ಟು ಸರಳವಾದದ್ದರಿಂದಲೇ ಹಳ್ಳಿಯ ಶೆಡ್ಡಿನಲ್ಲಿ ಇದನ್ನು ಬಿಚ್ಚಿ ಜೋಡಿಸಲು ಸಾಧ್ಯ. ಹೆಡ್ಡು ಸಿಕ್ಕಿಹಾಕಿಕೊಳ್ಳುವುದಕ್ಕೂ ಆ ಸ್ಟಡ್ಡುಗಳೇ ಕಾರಣ.

ಈ ಗಾಡಿ ಬಂದದ್ದು ಹಾನುಬಾಳು ಕಡೆಯ ಒಂದು ಕಾಫಿ ತೋಟದಿಂದ. ತೋಟದಲ್ಲಿ ಟ್ರ್ಯಾಕ್ಟರಿನ ದುಡಿಮೆ ಗದ್ದೆಯದರಂತಲ್ಲ. ಆಲೂರಿನ ಗದ್ದೆಯಲ್ಲಾದರೆ ಕೇಜ್ ವೀಲ್ ಹಾಕಿ ಕೆಸರು ಉಳುತ್ತದೆ, ಸುಗ್ಗಿಯಲ್ಲಿ ಟ್ರೈಲರ್ ಎಳೆಯುತ್ತದೆ, ವರ್ಷವಿಡೀ ಒಂದಲ್ಲ ಒಂದು ಕೆಲಸ ಇದ್ದೇ ಇರುತ್ತದೆ. ತೋಟದಲ್ಲಿ ಅದರ ದೊಡ್ಡ ಕೆಲಸ ಫೆಬ್ರವರಿ, ಮಾರ್ಚಿನದು. ರೊಬಸ್ಟಾ ಗಿಡ ಹೂ ಬಿಡಲು ಮಳೆ ಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರಿನಲ್ಲಿ ಹೂವಿನ ನೀರು ಕೊಡಬೇಕು. ಆಗ ಕೆರೆದಡದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಹಿಂದೆ ತಿರುಗುವ ಪಿ.ಟಿ.ಒ. ದಂಡಕ್ಕೆ ಪಂಪು ಜೋಡಿಸಿ, ಹಗಲು ರಾತ್ರಿ ಓಡಿಸುತ್ತಾರೆ. ನಿಂತ ಗಾಡಿಗೆ ಎದುರುಗಾಳಿಯಿಲ್ಲ, ರೇಡಿಯೇಟರಿನ ಜಾಲರಿಗೆ ಧೂಳು, ತರಗು ಮೆತ್ತಿಕೊಳ್ಳುತ್ತದೆ. ಎಂಜಿನ್ ಕಾಯುತ್ತದೆ. ಅದು ಮುಗಿದರೆ ಜೂನ್ ಬರುತ್ತದೆ, ಸಕಲೇಶಪುರದ ಮಳೆ ಬರುತ್ತದೆ. ಟ್ರ್ಯಾಕ್ಟರು ತೋಟದ ಕೊಟ್ಟಿಗೆಯ ಮೂಲೆ ಸೇರಿ ತಿಂಗಳುಗಟ್ಟಲೆ ಅಲುಗದೆ ನಿಲ್ಲುತ್ತದೆ.

ಅತಿಯಾಗಿ ಕಾದು ದುಡಿದದ್ದು, ಆಮೇಲೆ ಥಂಡಿಯಲ್ಲಿ ಸುಮ್ಮನೆ ನಿಂತದ್ದು, ಎರಡೂ ಸೇರಿ ಈ ಹೆಡ್ಡನ್ನು ಹಿಡಿದಿವೆ. ಕಾದಾಗ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್ ಸುಟ್ಟಿತು, ನಿಂತಾಗ ಸ್ಟಡ್ಡಿಗೆ ತುಕ್ಕು ಹತ್ತಿತು.

ನೀರಿನ ಗುರುತು

ಗಾಡಿ ಬಂದಾಗ ದೂರು ಮೂರಿತ್ತಂತೆ: ಬೆಳಿಗ್ಗೆ ಹಿಡಿಯುವುದಿಲ್ಲ, ಹಿಡಿದರೆ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ. ಸಿಲಿಂಡರಿನ ಗಾಳಿ ನೀರಿನ ಹಾದಿಗೆ ನುಗ್ಗಿದರೆ ಗುಳ್ಳೆ, ನೀರು ಸಿಲಿಂಡರಿಗೆ ನುಗ್ಗಿದರೆ ಬಿಳಿ ಹೊಗೆ. ಎರಡೂ ಒಟ್ಟಿಗೆ ಇದ್ದರೆ ಅನುಮಾನ ನೇರ ಹೆಡ್ ಪ್ಯಾಕಿಂಗ್ ಮೇಲೆ.

ಗ್ಯಾರೇಜಿನ ಮೇಸ್ತ್ರಿ ರೇಡಿಯೇಟರಿನಿಂದ ಇಳಿಸಿದ ನೀರನ್ನು ಒಂದು ಬಕೆಟ್ಟಿನಲ್ಲಿ ಹಾಗೇ ಇಟ್ಟಿದ್ದರು. ಕಡುಗೆಂಪು. ತಳದಲ್ಲಿ ನುಣ್ಣಗೆ ಕೂತ ತುಕ್ಕು. “ಅರಸೀಕೆರೆ ಕಡೆ ಗಾಡಿ ಬಿಚ್ಚಿದ್ರೆ ಹಿಂಗಿರಲ್ಲ ಸಾರ್. ಅಲ್ಲಿ ಬೋರ್‌ವೆಲ್ ನೀರು, ಒಳಗೆಲ್ಲ ಸುಣ್ಣ ಕಟ್ಟಿರ್ತದೆ. ಇಲ್ಲಿ ಹಳ್ಳದ ನೀರು, ಕಬ್ಬಿಣಾನೇ ತಿಂತದೆ” ಎಂದರು.

ಮೇಸ್ತ್ರಿಯ ಮಾತಿಗೆ ರಸಾಯನಶಾಸ್ತ್ರದ ಬೆಂಬಲವಿದೆ. ಬಯಲುಸೀಮೆಯ ಆಳದ ಕೊಳವೆಬಾವಿಯ ನೀರು ಗಡುಸು. ಅದರಲ್ಲಿನ ಸುಣ್ಣದ ಅಂಶ ಬಿಸಿಯಾದಾಗ ಪದರಗಟ್ಟಿ ನೀರಿನ ಹಾದಿಯನ್ನು ಮುಚ್ಚುತ್ತದೆ. ಅಂಥ ಎಂಜಿನ್ ಕಾದು ಸಾಯುತ್ತದೆ, ಆದರೆ ಆ ಪದರವೇ ಕಬ್ಬಿಣಕ್ಕೆ ತುಸು ಹೊದಿಕೆಯೂ ಆಗಿರುತ್ತದೆ. ಘಟ್ಟದ ಮೇಲಿನ ಹಳ್ಳದ ನೀರು ಮೆದು. ಸುಣ್ಣ ಕಡಿಮೆ, ಕರಗಿದ ಆಮ್ಲಜನಕ ಹೆಚ್ಚು, ಮಲೆನಾಡಿನ ಹುಳಿ ಮಣ್ಣಿನಿಂದ ಹರಿದು ಬಂದದ್ದರಿಂದ ತುಸು ಆಮ್ಲದ ಗುಣ. ಕುಡಿಯಲು ಹಿತವಾದ ಈ ನೀರು ಬೆತ್ತಲೆ ಕಬ್ಬಿಣಕ್ಕೆ ಶತ್ರು. ಹೀಗೆ ಒಂದೇ ಜಿಲ್ಲೆಯ ಎರಡು ತುದಿಯಲ್ಲಿ ಒಂದೇ ಎಂಜಿನ್ನಿಗೆ ಎರಡು ಬೇರೆ ರೋಗ.

ತುಕ್ಕು ಹೆಡ್ಡನ್ನು ಹಿಡಿಯುವುದು ಜಾಗ ತಿಂದು. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಮೀರಿದ ಜಾಗ ಬೇಡುತ್ತದೆ. ಸ್ಟಡ್ಡಿಗೂ ಹೆಡ್ಡಿನ ತೂತಿಗೂ ನಡುವಿನ ಸಂದು ಕಿರಿದು. ಅಲ್ಲಿಗೆ ನೀರು ಜಿನುಗಿದರೆ ತುಕ್ಕು ಬೆಳೆದು, ಎರಡನ್ನೂ ಒತ್ತಿ, ಬೆಣೆ ಹೊಡೆದಂತೆ ಬಿಗಿ ಮಾಡಿಬಿಡುತ್ತದೆ. ನಟ್ಟು ತೆಗೆದರೂ ಹೆಡ್ಡು ಏಳದಿರುವುದು ಇದರಿಂದ. ಅದನ್ನು ಹಿಡಿದಿರುವುದು ಪ್ಯಾಕಿಂಗ್ ಎಂದು ಹೆಚ್ಚಿನವರು ತಿಳಿಯುತ್ತಾರೆ. ಪ್ಯಾಕಿಂಗ್ ಅಂಟಿರುತ್ತದೆ, ನಿಜ. ಆದರೆ ಅದರ ಹಿಡಿತ ಒಂದು ಪೆಟ್ಟಿಗೆ ಬಿಡುತ್ತದೆ, ಸ್ಟಡ್ಡಿನದು ಬಿಡುವುದಿಲ್ಲ.

ಮೊದಲು ಎಣಿಕೆ

ಶೆಡ್ಡಿನ ಹುಡುಗ ಸುತ್ತಿಗೆ ಕೈಗೆತ್ತಿಕೊಂಡಿದ್ದ. ಮೇಸ್ತ್ರಿ ತಡೆದರು. “ಲೇ, ಮೊದ್ಲು ಎಣ್ಸು. ಡಬ್ಬೀಲಿ ಎಷ್ಟ್ ನಟ್ ಐತೆ, ಮೇಲೆ ಎಷ್ಟ್ ಸ್ಟಡ್ ಕಾಣ್ತದೆ?”

ಮೇಲೇಳದ ಹೆಡ್ಡುಗಳಲ್ಲಿ ಎಷ್ಟೋ ನಿಜಕ್ಕೂ ಸಿಕ್ಕಿಕೊಂಡಿರುವುದಿಲ್ಲ, ಎಲ್ಲೋ ಒಂದು ನಟ್ಟು ಉಳಿದಿರುತ್ತದೆ. ಎಣ್ಣೆ, ಮಣ್ಣು ಸೇರಿ ಹೆಪ್ಪುಗಟ್ಟಿದ ಕೊಳೆಯ ಕೆಳಗೆ ಅಡಗಿದ ನಟ್ಟು ಮೊದಲ ನೋಟಕ್ಕೆ ಕಾಣುವುದೇ ಇಲ್ಲ. ಮ್ಯಾಸಿಯಲ್ಲಿ ಡೀಸೆಲ್ ಟ್ಯಾಂಕ್ ಎಂಜಿನ್ನಿನ ಮೇಲೇ ಕೂತಿರುವುದರಿಂದ ಅದನ್ನೂ ಅದರ ಆಧಾರಪಟ್ಟಿಗಳನ್ನೂ ಪೂರ್ತಿ ಬಿಡಿಸಬೇಕು. ಮೇಲಿನ ನೀರಿನ ಹೋಸು, ಸೈಲೆನ್ಸರಿನ ಮ್ಯಾನಿಫೋಲ್ಡು, ನಾಜಲ್ಲಿಗೆ ಬರುವ ಡೀಸೆಲ್ ಪೈಪುಗಳು, ರಾಕರ್ ಸೆಟ್ಟು, ಪುಶ್ ರಾಡುಗಳು ಎಲ್ಲ ಹೊರಗೆ. ಪುಶ್ ರಾಡುಗಳನ್ನು ಒಂದು ರಟ್ಟಿಗೆ ತೂತು ಮಾಡಿ ಬಂದ ಸಾಲಿನಲ್ಲೇ ಚುಚ್ಚಿಟ್ಟಿದ್ದರು. ಒಂದೊಂದೂ ತನ್ನ ಜಾಗದಲ್ಲಿ ಸವೆದು ಹೊಂದಿಕೊಂಡಿರುವುದರಿಂದ ಅಲ್ಲಿಗೇ ಮರಳಬೇಕು.

ನಟ್ಟು ಬಿಚ್ಚುವುದಕ್ಕೂ ಕ್ರಮವಿದೆ. ತುದಿಗಳಿಂದ ನಡುವಿಗೆ, ಒಂದೊಂದನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಬರಬೇಕು. ಒಂದೇ ಕಡೆ ಪೂರ್ತಿ ಬಿಚ್ಚಿದರೆ ಬಿಗಿತ ಇನ್ನೊಂದು ಕಡೆ ಉಳಿದು ಹೆಡ್ಡು ಸೊಟ್ಟಗಾಗುತ್ತದೆ.

ಎಣಿಕೆ ಸರಿಹೋಯಿತು. ಅಡಗಿದ ನಟ್ಟಿಲ್ಲ. ಅಂದರೆ ಇದು ತುಕ್ಕಿನದೇ ಹಿಡಿತ.

ಹಾರೆಯ ಗುರುತು

ತೋಟದ ರೈಟರು ಅಷ್ಟರಲ್ಲಿ ಬೈಕಿನಲ್ಲಿ ಬಂದರು. ಹೂವಿನ ನೀರಿನ ಕಾಲ ಹತ್ತಿರ ಬರುತ್ತಿದೆ, ಗಾಡಿ ಯಾವಾಗ ಎಂಬುದು ಅವರ ಪ್ರಶ್ನೆ. ಮೇಸ್ತ್ರಿ ಉತ್ತರದ ಬದಲು ಹೆಡ್ಡಿನ ಅಂಚು ತೋರಿಸಿದರು. ಹೆಡ್ಡು ಬ್ಲಾಕಿನ ಮೇಲೆ ಕೂತ ಗೆರೆಯಲ್ಲಿ ಹೊಳೆಯುವ ಹೊಸ ಗಾಯ.

“ರೈಟ್ರೇ, ಇಲ್ಲಿಗೆ ಹಾರೆ ಹಾಕಿದ್ದು ಯಾರು?”

ರೈಟರು ಟೋಪಿ ಸರಿಮಾಡಿಕೊಂಡರು. ತೋಟದಲ್ಲಿ ಯಾರೋ ಮೊದಲೇ ಒಂದು ಕೈ ನೋಡಿದ್ದಾರೆ.

ಈ ಕೆಲಸದಲ್ಲಿ ದೊಡ್ಡ ನಷ್ಟ ಆಗುವುದು ಇಲ್ಲೇ. ಹೆಡ್ಡು, ಬ್ಲಾಕು ಎರಡರ ಮುಖವೂ ನುಣುಪಾಗಿ ಚಪ್ಪಟೆ ಇದ್ದರೆ ಮಾತ್ರ ನಡುವಿನ ಪ್ಯಾಕಿಂಗ್ ಬೆಂಕಿ, ನೀರು, ಎಣ್ಣೆ ಮೂರನ್ನೂ ಬೇರೆ ಬೇರೆ ಇಡಬಲ್ಲದು. ಆ ಗೆರೆಗೆ ಉಳಿ ಹೊಡೆದರೆ, ಹಾರೆ ತುರುಕಿದರೆ ಮುಖ ಗೀರುತ್ತದೆ. ಹೆಡ್ಡಿನ ಗೀರನ್ನು ಲೇತಿನವರು ತೆಗೆದುಕೊಡುತ್ತಾರೆ. ಬ್ಲಾಕಿನ ಗೀರು ತೆಗೆಯಬೇಕಾದರೆ ಎಂಜಿನ್ನನ್ನೇ ಗಾಡಿಯಿಂದ ಬಿಡಿಸಬೇಕು. ಮ್ಯಾಸಿಯಂಥ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿಗೂ ಹಿಂದಿನ ಗೇರ್ ಬಾಕ್ಸಿಗೂ ನಡುವೆ ಎಂಜಿನ್ನೇ ಬೆನ್ನೆಲುಬು. ಅದನ್ನು ತೆಗೆಯುವುದೆಂದರೆ ಟ್ರ್ಯಾಕ್ಟರನ್ನು ಎರಡು ತುಂಡು ಮಾಡುವುದು. ಎರಕದ ಕಬ್ಬಿಣ ಹೆಚ್ಚು ಬಾಗುವುದಿಲ್ಲ ಎಂಬುದೂ ನೆನಪಿರಬೇಕು. ಒತ್ತಡ ಮಿತಿ ಮೀರಿದರೆ ಸೂಚನೆ ಕೊಡದೆ ಸೀಳುತ್ತದೆ.

ಪುಣ್ಯಕ್ಕೆ ಈ ಗಾಯ ಅಂಚಿನಲ್ಲೇ ನಿಂತಿದೆ, ನೀರಿನ ತೂತಿನವರೆಗೆ ಹೋಗಿಲ್ಲ.

ಎಣ್ಣೆ ಕುಡಿಸುವುದು

ಸ್ಟಡ್ಡು ಹೆಡ್ಡಿನಿಂದ ಹೊರಬರುವ ಒಂದೊಂದು ಸಂದಿಗೂ ಡೀಸೆಲ್ ಮತ್ತು ಪವರ್ ಸ್ಟೇರಿಂಗ್ ಎಣ್ಣೆ ಬೆರೆಸಿ ಹನಿಸಿಬಿಟ್ಟಿದ್ದರು. ತೆಳು ಎಣ್ಣೆ ಸಂದಿನೊಳಗೆ ತಾನೇ ಇಳಿಯುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ಟಡ್ಡಿನ ತಲೆಗೆ ನಟ್ಟು ಕೂರಿಸಿ, ಅದರ ಮೇಲೆ ಹಿತ್ತಾಳೆಯ ತುಂಡಿಟ್ಟು ಸಣ್ಣ ಪೆಟ್ಟುಗಳನ್ನು ಕೊಡುತ್ತಾರೆ. ಬಲವಾದ ಒಂದು ಪೆಟ್ಟಿಗಿಂತ ಸಣ್ಣ ಪೆಟ್ಟು ನೂರು ಬಿದ್ದರೆ ಲಾಭ. ಅದರುವಿಕೆಗೆ ತುಕ್ಕು ಪುಡಿಯಾಗುತ್ತದೆ, ಎಣ್ಣೆ ಇನ್ನಷ್ಟು ಇಳಿಯುತ್ತದೆ. ಪಕ್ಕದಿಂದ ಹೊಡೆಯಬೇಕಾದರೆ ಹೆಡ್ಡಿಗೆ ಮರದ ದಿಮ್ಮಿ ಅಡ್ಡ ಇಡುತ್ತಾರೆ. ಮರದಲ್ಲೂ ಆಯ್ಕೆಯಿದೆ. ತೋಟದಲ್ಲಿ ಎಲ್ಲೆಲ್ಲೂ ಸಿಗುವ ಸಿಲ್ವರ್ ಓಕ್ ಮೆದು, ಪೆಟ್ಟು ನುಂಗಿಬಿಡುತ್ತದೆ. ಈ ಕೆಲಸಕ್ಕೆ ಮತ್ತಿ ಮರದ ತುಂಡೇ ಬೇಕು.

ಇದಕ್ಕೂ ಮಣಿಯದ ಸ್ಟಡ್ಡಿಗೆ ಗ್ಯಾಸಿನ ಬಿಸಿ ಕೊಡುವುದುಂಟು. ಬಿಸಿಯಾದ ಸ್ಟಡ್ಡಿನ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಸಂದಿನೊಳಗೆ ಎಳೆದುಕೊಳ್ಳುತ್ತದೆ. ಆದರೆ ಹೆಡ್ಡಿನ ಮೈಗೇ ಜ್ವಾಲೆ ಹಿಡಿಯಬಾರದು. ಒಂದು ಜಾಗ ಕಾದು ಪಕ್ಕದ ಜಾಗ ತಣ್ಣಗಿದ್ದರೆ ಎರಕ ಬಿರುಕು ಬಿಡುತ್ತದೆ.

ಎಂಜಿನ್ನಿನ ಬಲದಲ್ಲೇ ಹೆಡ್ಡು ಎಬ್ಬಿಸುವುದು

ಇಷ್ಟಾದ ಮೇಲೆ ಬರುವ ಉಪಾಯ ನೋಡುವಂಥದ್ದು. ಹೆಡ್ಡನ್ನು ಮೇಲಿನಿಂದ ಎಳೆಯುವ ಬದಲು ಕೆಳಗಿನಿಂದ ದೂಡಿಸುವುದು. ದೂಡುವುದು ಪಿಸ್ಟನ್ನುಗಳೇ.

ರಾಕರ್ ಮತ್ತು ಪುಶ್ ರಾಡು ತೆಗೆದ ಮೇಲೆ ವಾಲ್ವುಗಳನ್ನು ಒತ್ತುವವರು ಯಾರೂ ಇಲ್ಲ, ಸ್ಪ್ರಿಂಗ್ ಬಲಕ್ಕೆ ಎಲ್ಲವೂ ಮುಚ್ಚಿಯೇ ಇರುತ್ತವೆ. ನಾಜಲ್ಲುಗಳನ್ನು ಅವುಗಳ ಜಾಗದಲ್ಲೇ ಬಿಗಿದರೆ ಗಾಳಿ ಹೋಗಲು ದಾರಿಯಿಲ್ಲ. ಆಗ ಸೆಲ್ಫ್ ಹೊಡೆದರೆ ಪಿಸ್ಟನ್ನು ಮೇಲೆ ಬಂದಾಗಲೆಲ್ಲ ಗಾಳಿಯನ್ನು ಅದುಮುತ್ತದೆ. ಸುಮಾರು 9 ಸೆಂಟಿಮೀಟರ್ ಅಗಲದ ಸಿಲಿಂಡರಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 25 ಕಿಲೋ ಒತ್ತಡ ಹುಟ್ಟಿದರೆ, ಹೆಡ್ಡನ್ನು ಕೆಳಗಿನಿಂದ ದೂಡುವ ಬಲ 1500 ಕಿಲೋ ದಾಟುತ್ತದೆ. ಯಾವ ಹಾರೆಯೂ ಕೊಡಲಾಗದ ಬಲ, ಅದೂ ಮುಖಕ್ಕೆ ಒಂದು ಗೀರು ಬೀಳದಂತೆ. ಮೂರು ಸಿಲಿಂಡರು ಒಂದಾದ ಮೇಲೊಂದು ದೂಡುವುದರಿಂದ ಹೆಡ್ಡು ಮುಂದೆ, ನಡುವೆ, ಹಿಂದೆ ಹೀಗೆ ಓಲಾಡುತ್ತದೆ. ತುಕ್ಕು ಸಡಿಲಾಗಲು ಆ ಓಲಾಟವೇ ಬೇಕು.

ಇದಕ್ಕೆ ಮೂರು ಎಚ್ಚರಿಕೆ. ಮೊದಲನೆಯದು, ನಟ್ಟುಗಳನ್ನು ಒಂದೆರಡು ಸುತ್ತು ಮರಳಿ ಹಾಕಿರಬೇಕು, ಇಲ್ಲವಾದರೆ ಬಿಟ್ಟ ಕ್ಷಣ ಹೆಡ್ಡು ಚಿಮ್ಮುತ್ತದೆ. ಎರಡನೆಯದು, ಡೀಸೆಲ್ ಪೈಪು ಕಳಚಿಯೇ ಇರಬೇಕು, ಒಂದು ಹನಿ ಡೀಸೆಲ್ ಒಳಗೆ ಸಿಡಿದರೂ ಅದು ಉರಿದೀತು. ಮೂರನೆಯದು, ಸಿಲಿಂಡರಿನೊಳಗೆ ನೀರು ನಿಂತಿರಬಾರದು. ಗಾಳಿ ಅದುಮಿಸಿಕೊಳ್ಳುತ್ತದೆ, ನೀರು ಅದುಮಿಸಿಕೊಳ್ಳುವುದಿಲ್ಲ. ನೀರಿನ ಮೇಲೆ ಪಿಸ್ಟನ್ನು ಬಂದರೆ ಕನೆಕ್ಟಿಂಗ್ ರಾಡು ಬಾಗುತ್ತದೆ.

ಅದಕ್ಕೇ ಮೊದಲು ನಾಜಲ್ಲುಗಳನ್ನು ತೆಗೆದು, ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದರು. ಮೂರನೇ ಸಿಲಿಂಡರಿನ ನಾಜಲ್ ತೂತಿನಿಂದ ಕೆಂಪು ನೀರು ಪಿಚಕ್ಕನೆ ಹಾರಿ ಹುಡುಗನ ಅಂಗಿಗೆ ಬಿತ್ತು. ಪ್ಯಾಕಿಂಗ್ ಸುಟ್ಟಿರುವುದು ಆ ಕಡೆ ಎಂದು ಹೆಡ್ಡು ತೆಗೆಯುವ ಮೊದಲೇ ತಿಳಿಯಿತು. ನೀರೆಲ್ಲ ಹೋದ ಮೇಲೆ ಸಿಲಿಂಡರುಗಳಿಗೆ ತುಸು ಎಣ್ಣೆ ಬಿಟ್ಟು, ನಾಜಲ್ಲು ಮರಳಿ ಬಿಗಿದು ಸೆಲ್ಫ್ ಹೊಡೆದರು.

ಒಂದು ಸಲ, ಇನ್ನೊಂದು ಸಲ. ಮುಂದಿನ ಮೂಲೆಯಲ್ಲಿ ‘ಟಕ್’ ಎಂದು ಸದ್ದಾಗಿ, ಗೆರೆಯಗುಂಟ ಎಣ್ಣೆ ಬೆರೆತ ಗುಳ್ಳೆಗಳು ಹೊರಬಂದವು. ಮುಂಭಾಗ ಬಿಟ್ಟಿದೆ. ಹಿಂಭಾಗ ಅಲುಗಿಲ್ಲ. ಅಲ್ಲೇ ಪ್ಯಾಕಿಂಗ್ ಸುಟ್ಟಿರುವುದರಿಂದ ಗಾಳಿ ನೀರಿನ ಹಾದಿಗೆ ನುಗ್ಗಿಹೋಗುತ್ತಿದೆ, ದೂಡುವ ಬಲವಿಲ್ಲ. ಎಲ್ಲಿ ನೀರು ಹೆಚ್ಚು ಜಿನುಗಿತೋ ಅಲ್ಲೇ ತುಕ್ಕೂ ಹೆಚ್ಚು. ರೋಗ ಇರುವಲ್ಲೇ ಮದ್ದು ನಾಟುತ್ತಿಲ್ಲ.

ಉಳಿದದ್ದು ಹಿಂದಿನ ಸ್ಟಡ್ಡುಗಳನ್ನೇ ಕೀಳುವ ದಾರಿ. ಸ್ಟಡ್ಡಿಗೆ ಎರಡು ನಟ್ಟು ಹಾಕಿ ಒಂದರ ಮೇಲೊಂದು ಬಿಗಿದು, ಕೆಳಗಿನದನ್ನು ತಿರುಗಿಸಿದರೆ ಸ್ಟಡ್ಡೇ ಬ್ಲಾಕಿನಿಂದ ಬಿಚ್ಚಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಎಳೆಯಬಾರದು. ಕಾಲು ಸುತ್ತು ಬಿಚ್ಚಿ ಅದರ ಅರ್ಧದಷ್ಟು ಹಿಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಕಾಲು ಸುತ್ತು. ಹಟಕ್ಕೆ ಬಿದ್ದರೆ ಸ್ಟಡ್ಡು ಮುರಿಯುತ್ತದೆ. ಹಾಗೆ ಮುರಿದರೆ ಉಳಿದ ಮೋಟಿಗೆ ನಟ್ಟು ವೆಲ್ಡ್ ಮಾಡಿ ತೆಗೆಯಬೇಕು. ಇಲ್ಲಿ ಮುರಿಯಲಿಲ್ಲ. ಕೊನೆಯದಕ್ಕೆ ಮಾತ್ರ ಬಿಸಿ ಮತ್ತು ಮೇಣ ಬೇಕಾದವು. ಹೊರಬಂದ ಸ್ಟಡ್ಡು ನಡುಭಾಗದಲ್ಲಿ ಸವೆದು ಸಣಕಲಾಗಿತ್ತು.

ಆಮೇಲೆ ಚೈನ್ ಪುಲ್ಲಿ. ಸರಪಳಿ ಬಿಗಿಯಾದಾಗ ಮೇಸ್ತ್ರಿಯ ಕಣ್ಣು ಹೆಡ್ಡಿನ ಮೇಲಿರಲಿಲ್ಲ, ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ಮೇಲಿತ್ತು. ಹೆಡ್ಡಿನ ಬದಲು ಗಾಡಿಯೇ ಏಳತೊಡಗಿದರೆ ಇನ್ನೂ ಏನೋ ಹಿಡಿದಿದೆ ಎಂದರ್ಥ, ಕೂಡಲೇ ನಿಲ್ಲಿಸಬೇಕು. ಚಕ್ರ ಅಲುಗಲಿಲ್ಲ. ಮತ್ತಿ ಮರದ ತುಂಡಿನಿಂದ ಎರಡು ಪೆಟ್ಟು ಬಿದ್ದವು. ಹೆಡ್ಡು ಸಮನಾಗಿ ಎದ್ದು ಬಂತು.

ಪೇಟೆಯ ಲೇತಿಗೆ

ತಿರುವಿಹಾಕಿದ ಹೆಡ್ಡಿನಲ್ಲಿ ಎಲ್ಲ ಓದಿಕೊಳ್ಳಬಹುದಿತ್ತು. ಮೊದಲ ಎರಡು ಸಿಲಿಂಡರಿನ ಜಾಗ ಕಪ್ಪು ಮಸಿ. ಮೂರನೆಯದು ತೊಳೆದಂತೆ ಬೋಳು, ಒಳನುಗ್ಗಿದ ನೀರು ಹಬೆಯಾಗಿ ಮಸಿಯನ್ನು ಕಿತ್ತು ಹಾಕಿದೆ. ಅದರ ಪಕ್ಕದ ನೀರಿನ ತೂತಿನವರೆಗೆ ಪ್ಯಾಕಿಂಗ್ ಸುಟ್ಟು ಕಾಲುವೆ ಬಿದ್ದಿದೆ. ನೀರಿನ ತೂತುಗಳ ಅಂಚು ತುಕ್ಕು ತಿಂದು ಹಿಗ್ಗಿವೆ.

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಸಕಲೇಶಪುರಕ್ಕೆ ಒಯ್ದರು, ಜೊತೆಗೆ ನಾನೂ. ಹೇಮಾವತಿ ನದಿಯ ದಡದ ಈ ಪೇಟೆ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದೆ. ಸುತ್ತಿನ ತೋಟಗಳಿಗೆ ಗೊಬ್ಬರ, ಸ್ಪ್ರೇಯರು, ಪಂಪಿನ ಬಿಡಿಭಾಗ, ಲೇತು ಎಲ್ಲಕ್ಕೂ ಇದೇ ಊರು. ಲೇತಿನವರು ಹೆಡ್ಡಿನ ಮುಖಕ್ಕೆ ಉಕ್ಕಿನ ನೇರಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜಿನ ತೆಳುಹಾಳೆ ತೂರಿಸಿ ನೋಡಿದರು. ನಡುವೆ ತುಸು ತಗ್ಗು. ವಾಲ್ವುಗಳ ನಡುವೆ ಬಿರುಕಿದೆಯೇ ಎಂದು ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚಿದರು. ಬಿರುಕಿದ್ದರೆ ಒಳಗಿಳಿದ ಎಣ್ಣೆ ಪುಡಿಯಲ್ಲಿ ಗೆರೆಯಾಗಿ ಮೂಡುತ್ತದೆ. ಗೆರೆ ಮೂಡಲಿಲ್ಲ. ಮುಖ ಸಮಮಾಡುವ ಫೇಸಿಂಗ್ ಮಾಡಿದರೆ ಸಾಕು, ಹೊಸ ಹೆಡ್ಡು ಬೇಡ.

ಮತ್ತೆ ಹಿಡಿಯದ ಹಾಗೆ

“ನಮ್ಮಲ್ಲೇನು ಹಿಮ ಬೀಳ್ತದಾ, ಕೂಲಂಟ್ ಯಾಕೆ?” ಎಂಬುದು ತೋಟಗಳಲ್ಲಿ ಹಳೆಯ ಮಾತು. ಕೂಲಂಟಿಗೆ ಇಲ್ಲಿ ಇರುವ ಕೆಲಸವೇ ಬೇರೆ. ಒಂದು, ಅದರಲ್ಲಿ ತುಕ್ಕು ತಡೆಯುವ ಮದ್ದಿದೆ. ಎರಡು, ಕುದಿಯುವ ಮಟ್ಟ ಏರಿಸುತ್ತದೆ. 950 ಮೀಟರ್ ಎತ್ತರದಲ್ಲಿ ಬರಿಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ರಬ್ಬರು ಸವೆದಿದ್ದರೆ ಒತ್ತಡವೂ ನಿಲ್ಲದೆ ಅಷ್ಟಕ್ಕೇ ಕುದಿಯಲು ಶುರು. ಕೆರೆದಡದಲ್ಲಿ ರಾತ್ರಿಯಿಡೀ ಪಂಪು ಎಳೆಯುವ ಗಾಡಿಗೆ ಆ ಕೆಲವು ಡಿಗ್ರಿಗಳೇ ಪ್ಯಾಕಿಂಗಿನ ಆಯುಷ್ಯ.

ಹೊಸ ಪ್ಯಾಕಿಂಗ್ ಹಾಕಿ ಕೂರಿಸುವಾಗ ಸ್ಟಡ್ಡುಗಳನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮೈಗೆ ತೆಳುವಾಗಿ ಗ್ರೀಸು ಸವರಬೇಕು. ನಟ್ಟುಗಳನ್ನು ಈ ಸಲ ನಡುವಿನಿಂದ ತುದಿಗೆ, ಹಂತ ಹಂತವಾಗಿ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರು ಮೇಲ್ಮುಖದ ಸೈಲೆನ್ಸರಿಗೆ ಡಬ್ಬಿ ಕವುಚಬೇಕು. ಆ ಬಾಯಿಂದ ಇಳಿದ ಮಳೆನೀರು ತೆರೆದ ವಾಲ್ವಿನ ಮೂಲಕ ನೇರ ಪಿಸ್ಟನ್ನಿನ ಮೇಲೆ ನಿಲ್ಲುತ್ತದೆ. ಪಿಸ್ಟನ್ನೇ ತುಕ್ಕು ಹಿಡಿದು ಜಾಮ್ ಆದರೆ ಸೆಲ್ಫ್ ಹೊಡೆದು ಹೆಡ್ಡು ಎಬ್ಬಿಸುವ ಉಪಾಯವೂ ನಡೆಯದು. ಕೆಲಸವಿಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಬೇಕು. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಒಳಗೆ ತೇವ ಕೂಡುತ್ತದೆಯೇ ಹೊರತು ಆರುವುದಿಲ್ಲ.

ಇಷ್ಟನ್ನೂ ಮೇಸ್ತ್ರಿ ರೈಟರಿಗೆ ಒಪ್ಪಿಸಿದರು. ರೈಟರು ಎಲ್ಲಕ್ಕೂ ತಲೆಯಾಡಿಸಿ, ಸಾಹುಕಾರ್ರಿಗೆ ಹೇಳ್ತೀನಿ ಎಂದು ಬೈಕು ಏರಿದರು. ಅಷ್ಟಕ್ಕೆ ಮೇಸ್ತ್ರಿಗೆ ನಂಬಿಕೆ ಬರಲಿಲ್ಲ.

“ಹೇಳೋದೆಲ್ಲ ಬ್ಯಾಡ ರೈಟ್ರೇ. ಗಾಡಿ ತಗಂಡೋಗಕ್ಕೆ ಬರ್ತೀರಲ್ಲ, ಕೂಲಂಟ್ ಕ್ಯಾನು ಜೊತೇಲೇ ತನ್ನಿ. ಕ್ಯಾನು ಬಂದ್ರೇನೇ ಗಾಡಿ ಕೊಡೋದು.”